ತಿಕ್ಕಾಟದಲ್ಲಿ ಸವೆಯುವವರು ಯಾರು?

ಕಳೆದ ತಿಂಗಳು ಪಡಿತರ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಒಬ್ಬ ವಯಸ್ಸಾದ ಹೆಂಗಸು ನಿಂತಿದ್ದರು. ಸರದಿ ಬಂದಾಗ ಬಲಗೈ ಹೆಬ್ಬೆರಳನ್ನು ಯಂತ್ರದ ಗಾಜಿನ ಮೇಲಿಟ್ಟರು. ಯಂತ್ರ ಒಪ್ಪಲಿಲ್ಲ. ಸೆರಗಿನಲ್ಲಿ ಬೆರಳು ಒರೆಸಿ ಮತ್ತೆ ಇಟ್ಟರು, ಆಗಲೂ ಒಪ್ಪಲಿಲ್ಲ. ಎಣ್ಣೆ ಹಚ್ಚಿದ ಕೂದಲಿಗೆ ಬೆರಳನ್ನು ಉಜ್ಜಿ ಮೂರನೆಯ ಸಲ ಒತ್ತಿ ಹಿಡಿದರು. ಅಂಗಡಿಯ ಹುಡುಗ ಅವರ ಬೆರಳನ್ನು ತಿರುಗಿಸಿ ನೋಡಿ, "ಗೆರೆಗಳೆಲ್ಲ ಸವೆದುಹೋಗಿವೆ ಅಮ್ಮಾ, ಏನು ಕೆಲಸ ಮಾಡ್ತೀರಿ?" ಎಂದು ಕೇಳಿದ. "ನಾಲ್ಕು ಮನೇಲಿ ಪಾತ್ರೆ ತಿಕ್ತೀನಿ ಕಣಪ್ಪಾ. ಮೂವತ್ತು ವರ್ಷ ಆಯ್ತು. ಪಾತ್ರೆ ಹೊಳೀತವೆ, ಬೆರಳು ಹೋಯ್ತು" ಎಂದರು. ದೂರುವ ದನಿ ಅದಾಗಿರಲಿಲ್ಲ. ಲೆಕ್ಕ ಒಪ್ಪಿಸುವವರ ದನಿಯಂತಿತ್ತು.

ಅವರು ಬಳಸಿದ 'ತಿಕ್ಕು' ಎಂಬ ಮಾತು ಮನೆಗೆ ಬಂದ ಮೇಲೂ ನನ್ನನ್ನು ಬಿಡಲಿಲ್ಲ. ಪಾತ್ರೆ ತಿಕ್ಕುತ್ತೇವೆ, ಬೆನ್ನು ತಿಕ್ಕುತ್ತೇವೆ, ಹಲ್ಲು ತಿಕ್ಕುತ್ತೇವೆ. ಇಬ್ಬರಿಗೆ ಆಗಿಬರದಿದ್ದರೆ ಅವರ ನಡುವೆ 'ತಿಕ್ಕಾಟ' ಇದೆ ಎನ್ನುತ್ತೇವೆ. ಸಂಸ್ಕೃತದಿಂದ ಬಂದ ಮಾತಿನದೂ ಇದೇ ಕಥೆ. ಭೌತಶಾಸ್ತ್ರದ ಪಠ್ಯದಲ್ಲಿ 'ಘರ್ಷಣೆ' ಎಂದರೆ ಎರಡು ಮೇಲ್ಮೈಗಳ ನಡುವಿನ ಬಲ, ಪತ್ರಿಕೆಯ ಮುಖಪುಟದಲ್ಲಿ ಎರಡು ಗುಂಪುಗಳ ಹೊಡೆದಾಟ. ವಸ್ತುವಿಗೂ ಮನುಷ್ಯರಿಗೂ ಒಂದೇ ಪದ ಸಾಕೆಂದು ಭಾಷೆ ಎಂದೋ ತೀರ್ಮಾನಿಸಿಬಿಟ್ಟಿದೆ. ಈ ಹೋಲಿಕೆ ಎಲ್ಲಿಯವರೆಗೆ ನಿಜ, ಅದರಿಂದ ನಾವು ಕಲಿಯಬೇಕಾದ ನೀತಿ ಏನು ಎಂಬುದು ನನ್ನ ಪ್ರಶ್ನೆ.

ಮೊದಲ ನೋಟಕ್ಕೆ ನಮ್ಮ ಒಲವು ನುಣುಪಿನ ಕಡೆಗೇ ಇದೆ. 'ನಯ' ಎಂದರೆ ಬಟ್ಟೆಯ ಮೃದುತ್ವವೂ ಹೌದು, ಮನುಷ್ಯನ ಸೌಜನ್ಯವೂ ಹೌದು. 'ಒರಟು' ಎಂದರೆ ಗೋಣಿಚೀಲವೂ ಸೈ, ಮಾತು ಬಾರದ ಗಂಡಸೂ ಸೈ. ಸಂಸಾರ ಸುಸೂತ್ರವಾಗಿ ಸಾಗಬೇಕು, ಸಭೆ ಸುಗಮವಾಗಿ ನಡೆಯಬೇಕು, ಎಲ್ಲೂ ಏನೂ ತಗುಲಬಾರದು. ಆದರೆ ಇದೇ ಭಾಷೆ ಇನ್ನೊಂದು ಎಚ್ಚರವನ್ನೂ ಉಳಿಸಿಕೊಂಡಿದೆ. ಹೊಣೆ ಹೊರಬೇಕಾದವನು ಹೊರದಿದ್ದರೆ 'ಜಾರಿಕೊಂಡ' ಅನ್ನುತ್ತೇವೆ, 'ನುಣುಚಿಕೊಂಡ' ಅನ್ನುತ್ತೇವೆ. ಮೋಸಗಾರರಲ್ಲೆಲ್ಲ ಅಪಾಯಕಾರಿಯಾದವನಿಗೆ 'ನಯವಂಚಕ' ಎಂದು ಹೆಸರಿಟ್ಟಿದ್ದೇವೆ. ನಯ ಮೆಚ್ಚಬೇಕಾದ್ದು, ಆದರೆ ಹಿಡಿತಕ್ಕೇ ಸಿಗದಷ್ಟು ನಯವಾದದ್ದನ್ನು ನಂಬಬಾರದು ಎಂಬ ಅನುಭವ ಈ ಪದಗಳ ಹಿಂದೆ ಇದೆ.

ಘರ್ಷಣೆಯ ಪರವಾಗಿ ಹೇಳಬೇಕಾದ್ದು ಬಹಳವಿದೆ. ಅದಿಲ್ಲದಿದ್ದರೆ ನಾವು ಒಂದು ಹೆಜ್ಜೆಯನ್ನೂ ಇಡಲಾರೆವು. ಕಾಲು ನೆಲವನ್ನು ಹಿಂದಕ್ಕೆ ತಳ್ಳುತ್ತದೆ, ನೆಲ ಜಾರಗೊಡದೆ ಹಿಡಿದುಕೊಂಡು ನಮ್ಮನ್ನು ಮುಂದಕ್ಕೆ ತಳ್ಳುತ್ತದೆ. ಗೋಡೆಗೆ ಹೊಡೆದ ಮೊಳೆ, ಹಗ್ಗಕ್ಕೆ ಹಾಕಿದ ಗಂಟು, ಬೆರಳಲ್ಲಿ ಹಿಡಿದ ಪೆನ್ನು, ಎಲ್ಲವೂ ನಿಂತಿರುವುದು ಘರ್ಷಣೆಯ ಮೇಲೆ. ಹತ್ತಿಯ ಒಂದೊಂದು ಎಳೆ ಎರಡು ಮೂರು ಸೆಂಟಿಮೀಟರ್ ಉದ್ದವಿದ್ದರೆ ಹೆಚ್ಚು. ಅಂಥ ಗಿಡ್ಡ ಎಳೆಗಳನ್ನು ಹುರಿಗೊಳಿಸಿದಾಗ ಅವು ಒಂದನ್ನೊಂದು ಒತ್ತಿ ಹಿಡಿದುಕೊಳ್ಳುತ್ತವೆ. ಆ ಹಿಡಿತ ಇಲ್ಲವಾದರೆ ಉಟ್ಟ ಸೀರೆ ಮರಳಿ ಹತ್ತಿಯ ರಾಶಿಯಾಗಿ ಉದುರುತ್ತದೆ.

ಪಿಟೀಲಿನ ಕಮಾನಿಗೆ ವಾದಕರು ರಾಳ ಉಜ್ಜುವುದನ್ನು ನೋಡಿದ್ದೇವೆ. ಕುದುರೆಯ ಕೂದಲು ತಂತಿಯ ಮೇಲೆ ಸುಮ್ಮನೆ ಜಾರಿದರೆ ನಾದವೇ ಹುಟ್ಟದು. ರಾಳ ಹಚ್ಚಿದ ಕೂದಲು ತಂತಿಯನ್ನು ಹಿಡಿದು ಎಳೆಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಈ ಹಿಡಿದು ಬಿಡುವ ಆಟ ಸೆಕೆಂಡಿಗೆ ನೂರಾರು ಸಲ ನಡೆದಾಗ ನಮಗೆ ಕೇಳಿಸುವುದು ರಾಗ. ಒರಳುಕಲ್ಲಿನ ವಿಷಯವೂ ಹಾಗೆಯೇ. ರುಬ್ಬಿ ರುಬ್ಬಿ ಕಲ್ಲು ನುಣುಪಾದರೆ ಅಕ್ಕಿ ಸುತ್ತಲೂ ಜಾರುತ್ತದೆಯೇ ಹೊರತು ನುರಿಯುವುದಿಲ್ಲ. ಹಿಂದೆ ಕಲ್ಲು ಕುಟ್ಟುವವರು ಬೀದಿಯಲ್ಲಿ ಕೂಗುತ್ತ ಬರುತ್ತಿದ್ದರು. ಉಳಿ, ಸುತ್ತಿಗೆ ಹಿಡಿದು ಕುಳಿತು ನುಣುಪಾದ ಕಲ್ಲನ್ನು ಮತ್ತೆ ತರಿತರಿಯಾಗಿಸಿ ಕೊಡುತ್ತಿದ್ದರು. ಕಲ್ಲನ್ನು ಒರಟಾಗಿಸುವುದಕ್ಕೇ ದುಡ್ಡು ಕೊಡುತ್ತಿದ್ದ ಕಾಲ ಅದು.

1781ನೆಯ ಇಸವಿಯಲ್ಲಿ ಎರಡು ಸಂಗತಿಗಳು ನಡೆದವು. ಫ್ರಾನ್ಸಿನ ಸೇನಾ ಇಂಜಿನಿಯರ್ ಕೂಲಂಬ್ ಘರ್ಷಣೆಯ ಬಗೆಗಿನ ತನ್ನ ಪ್ರಯೋಗಗಳಿಗಾಗಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಬಹುಮಾನ ಪಡೆದ. ಅದೇ ವರ್ಷ ಜರ್ಮನಿಯ ದಾರ್ಶನಿಕ ಕಾಂಟ್‌ನ 'ಶುದ್ಧ ವಿವೇಚನೆಯ ವಿಮರ್ಶೆ' ಪ್ರಕಟವಾಯಿತು. ಅದರ ಪೀಠಿಕೆಯಲ್ಲಿ ಒಂದು ಪಾರಿವಾಳ ಬರುತ್ತದೆ. ಹಾರುವಾಗ ರೆಕ್ಕೆಗೆ ಗಾಳಿಯ ತಡೆ ಅನುಭವಕ್ಕೆ ಬರುವುದರಿಂದ, ಗಾಳಿಯೇ ಇಲ್ಲದ ಕಡೆ ಇನ್ನೂ ಸಲೀಸಾಗಿ ಹಾರಬಹುದಿತ್ತು ಎಂದು ಅದು ಅಂದುಕೊಳ್ಳಬಹುದಂತೆ. ತನ್ನನ್ನು ತಡೆಯುವ ಗಾಳಿಯೇ ತನ್ನನ್ನು ಎತ್ತಿ ಹಿಡಿದಿದೆ ಎಂಬುದು ಅದಕ್ಕೆ ತಿಳಿಯದು. ಅನುಭವದ ನೆಲವನ್ನು ಬಿಟ್ಟು ಬರಿಯ ವಿಚಾರದಲ್ಲೇ ಹಾರಲು ಹೊರಟ ತತ್ತ್ವಜ್ಞಾನಿಗಳಿಗೆ ಕಾಂಟ್ ಹೇಳಿದ ಮಾತು ಅದು. ನಮಗೂ ಸಲ್ಲುತ್ತದೆ. ಎದುರು ಮಾತಾಡುವ ಗೆಳೆಯ, ಬರಹವನ್ನು ಹಿಂದಿರುಗಿಸುವ ಸಂಪಾದಕ, ಅರ್ಥವಾಗದ ಪುಸ್ತಕ ಇವರೆಲ್ಲ ನಮಗೆ ತಡೆಯಂತೆ ಕಂಡವರು, ಆದರೆ ನಾವು ಮೇಲೇಳುವುದು ಅವರಿಂದಲೇ.

ಇಷ್ಟು ಹೇಳಿ ನಿಲ್ಲಿಸಿದರೆ ಪ್ರಬಂಧ ಸುಲಭವಾಗಿ ಮುಗಿಯುತ್ತದೆ. ತಿಕ್ಕಾಟ ಒಳ್ಳೆಯದು, ಸಂವಾದ ಬೇಕು, ಭಿನ್ನಾಭಿಪ್ರಾಯವೇ ಬದುಕು ಎಂದು ವೇದಿಕೆಗಳಲ್ಲಿ ಕೇಳುತ್ತಲೇ ಇರುತ್ತೇವೆ. ಆದರೆ ಪಡಿತರ ಅಂಗಡಿಯ ಆ ಹೆಬ್ಬೆರಳು ಹೀಗೆ ಮುಗಿಸಲು ಬಿಡುವುದಿಲ್ಲ. ಅದಕ್ಕಾಗಿ ಘರ್ಷಣೆಯನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು.

ಎರಡು ವಸ್ತುಗಳು ಹೆಚ್ಚು ಅಗಲವಾಗಿ ತಾಗಿದಷ್ಟೂ ಘರ್ಷಣೆ ಹೆಚ್ಚು ಎಂದು ನಮಗೆ ತೋರುತ್ತದೆ. ಹಾಗಲ್ಲವೆಂದು ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿ ಪುಸ್ತಕಗಳಲ್ಲಿ ಬರೆದಿಟ್ಟಿದ್ದ, ಆದರೆ ಅದು ಪ್ರಕಟವಾಗಲಿಲ್ಲ. 1699ರಲ್ಲಿ ಗಿಯೋಮ್ ಅಮೊಂತೊನ್ ಅದನ್ನೇ ಮತ್ತೆ ಕಂಡುಕೊಂಡು ಹೇಳಿದಾಗ ಅಕಾಡೆಮಿಯ ಸದಸ್ಯರಿಗೇ ನಂಬಲು ಕಷ್ಟವಾಯಿತು. ಇಟ್ಟಿಗೆಯನ್ನು ಮಲಗಿಸಿ ಎಳೆದರೂ ನಿಲ್ಲಿಸಿ ಎಳೆದರೂ ಬೇಕಾಗುವ ಬಲ ಹೆಚ್ಚುಕಡಿಮೆ ಒಂದೇ. ಲೆಕ್ಕಕ್ಕೆ ಬರುವುದು ಭಾರ. ಏಕೆ ಹೀಗೆ ಎಂಬುದು ಸ್ಪಷ್ಟವಾಗಲು ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಕಾಯಬೇಕಾಯಿತು. ಕೇಂಬ್ರಿಜ್‌ನ ಬೌಡನ್ ಮತ್ತು ಟೇಬರ್ ತೋರಿಸಿದ್ದು ಇದು. ಕಣ್ಣಿಗೆ ಎಷ್ಟೇ ಸಮತಟ್ಟಾಗಿ ಕಂಡರೂ ಪ್ರತಿ ಮೇಲ್ಮೈಯಲ್ಲೂ ಸೂಕ್ಷ್ಮವಾದ ಬೆಟ್ಟ ಕಣಿವೆಗಳಿರುತ್ತವೆ. ಒಂದರ ಮೇಲೊಂದು ಇಟ್ಟಾಗ ತಾಗುವುದು ಕೆಲವು ಶಿಖರಗಳು ಮಾತ್ರ. ಸ್ವಿಟ್ಜರ್ಲೆಂಡನ್ನು ತಲೆಕೆಳಗು ಮಾಡಿ ಆಸ್ಟ್ರಿಯಾದ ಮೇಲೆ ಇಟ್ಟಂತೆ ಎಂದು ಬೌಡನ್ ಇದನ್ನು ವಿವರಿಸಿದ್ದುಂಟು. ಉಕ್ಕಿನ ಎರಡು ತಟ್ಟೆಗಳಲ್ಲಿ ನಿಜವಾಗಿ ತಾಗುವ ಜಾಗ, ತಾಗಿದಂತೆ ಕಾಣುವ ಜಾಗದ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಇರಬಹುದು. ಇಡೀ ಭಾರ ಆ ಕೆಲವೇ ಬಿಂದುಗಳ ಮೇಲೆ ಬೀಳುತ್ತದೆ. ಅವು ನಜ್ಜಾಗಿ, ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಜಾರಿಸುವುದೆಂದರೆ ಆ ಪುಟ್ಟ ಬೆಸುಗೆಗಳನ್ನು ಹರಿಯುವುದು.

ಅಂದರೆ ಘರ್ಷಣೆಗೆ ಒರಟುತನ ಒಂದೇ ಕಾರಣವಲ್ಲ. ಅದರ ಬಹುಪಾಲು ಅಂಟಿಕೊಳ್ಳುವಿಕೆಯಿಂದ ಬರುತ್ತದೆ. ಲೋಹವನ್ನು ಎಷ್ಟು ನುಣುಪು ಮಾಡಿದರೂ ಘರ್ಷಣೆ ಸೊನ್ನೆಯಾಗುವುದಿಲ್ಲ. ನಿರ್ವಾತದಲ್ಲಿ ತೀರ ಶುಭ್ರವಾದ ಎರಡು ಲೋಹದ ಮೇಲ್ಮೈಗಳನ್ನು ಒತ್ತಿದರೆ ಜಾರುವ ಬದಲು ಒಂದಕ್ಕೊಂದು ಕಚ್ಚಿಕೊಂಡುಬಿಡುತ್ತವೆ. ಭೂಮಿಯ ಮೇಲೆ ಅವನ್ನು ಬೇರೆಬೇರೆಯಾಗಿ ಇಟ್ಟಿರುವುದು ಗಾಳಿಯ ಸಂಪರ್ಕದಿಂದ ಹುಟ್ಟುವ ತೆಳು ಆಕ್ಸೈಡ್ ಪದರ ಮತ್ತು ಅಲ್ಪಸ್ವಲ್ಪ ಕೊಳೆ. ಗುರುಗ್ರಹಕ್ಕೆ ಹೊರಟಿದ್ದ ಗೆಲಿಲಿಯೊ ನೌಕೆಯ ದೊಡ್ಡ ಆಂಟೆನಾ 1991ರಲ್ಲಿ ಕೊಡೆಯಂತೆ ಬಿಚ್ಚಿಕೊಳ್ಳಬೇಕಿತ್ತು. ಕೆಲವು ಕಡ್ಡಿಗಳು ಕಚ್ಚಿಕೊಂಡು ಅದು ಪೂರ್ತಿ ಬಿಚ್ಚಲೇ ಇಲ್ಲ. ಉಡಾವಣೆ ತಡವಾಗಿ ವರ್ಷಗಟ್ಟಲೆ ಮಡಚಿಟ್ಟಿದ್ದ, ಅಮೆರಿಕದ ರಸ್ತೆಗಳಲ್ಲಿ ಲಾರಿಯಲ್ಲಿ ಅತ್ತಿತ್ತ ಸಾಗಿಸಿದ್ದ ಆ ಕಡ್ಡಿಗಳ ಒಣ ಲೇಪ ಸವೆದುಹೋಗಿತ್ತು ಎಂಬುದು ತಜ್ಞರು ಕೊಟ್ಟ ಕಾರಣ. ಇದು ಸಂಸಾರಸ್ಥರಿಗೆ ಹೊಸದಾಗಿ ಹೇಳಬೇಕಾದ ಸಂಗತಿಯೇನಲ್ಲ. ನಮ್ಮ ಅತಿ ಕಠಿಣ ತಿಕ್ಕಾಟಗಳು ದೂರದವರೊಡನೆ ನಡೆಯುವುದಿಲ್ಲ. ನಡುವೆ ಏನೂ ಇಲ್ಲದಷ್ಟು ಹತ್ತಿರ ಬಂದವರೊಡನೆ, ಅಂಟಿಕೊಂಡವರೊಡನೆ ನಡೆಯುತ್ತವೆ. ಕಚ್ಚಿಕೊಂಡದ್ದನ್ನು ಬಿಡಿಸುವಾಗ ಎರಡೂ ಕಡೆ ಕಿತ್ತುಬರುತ್ತದೆ.

ಈಗ ಬೆರಳಿನ ಲೆಕ್ಕಕ್ಕೆ ಬರೋಣ. ನ್ಯೂಟನ್ನನ ಮೂರನೆಯ ನಿಯಮದಂತೆ ಎರಡು ಮೇಲ್ಮೈಗಳು ಒಂದರ ಮೇಲೊಂದು ಹಾಕುವ ಘರ್ಷಣಾ ಬಲ ಸಮಸಮ. ಪಾತ್ರೆ ಬೆರಳನ್ನು ಎಷ್ಟು ಉಜ್ಜುತ್ತದೋ ಬೆರಳೂ ಪಾತ್ರೆಯನ್ನು ಅಷ್ಟೇ ಉಜ್ಜುತ್ತದೆ. ಆದರೆ ಸವೆತ ಸಮವಲ್ಲ. 1953ರಲ್ಲಿ ಆರ್ಚರ್ಡ್ ಎಂಬ ಬ್ರಿಟಿಷ್ ವಿಜ್ಞಾನಿ ಕೊಟ್ಟ ಸರಳ ಸೂತ್ರದ ಪ್ರಕಾರ ಸವೆತ ಭಾರ ಹೆಚ್ಚಿದಂತೆ ಹೆಚ್ಚುತ್ತದೆ, ಜಾರಿದ ದೂರ ಹೆಚ್ಚಿದಂತೆ ಹೆಚ್ಚುತ್ತದೆ, ಮೆದು ಮೇಲ್ಮೈಯ ಗಡಸುತನ ಹೆಚ್ಚಿದಂತೆ ಕಡಿಮೆಯಾಗುತ್ತದೆ. ಬಿಡಿಸಿ ಹೇಳಿದರೆ, ಬಲವನ್ನು ಇಬ್ಬರೂ ಸಮನಾಗಿ ಹಂಚಿಕೊಂಡರೂ ನಷ್ಟ ಹೆಚ್ಚಾಗಿ ಮೆದುವಾದವರ ಪಾಲಿಗೆ ಬರುತ್ತದೆ.

ಇಂಜಿನಿಯರುಗಳಿಗೆ ಇದು ಚೆನ್ನಾಗಿ ಗೊತ್ತು. ತಿರುಗುವ ಶಾಫ್ಟು ದುಬಾರಿ, ಬದಲಿಸುವುದು ಕಷ್ಟ. ಆದ್ದರಿಂದ ಅದನ್ನು ಹಿಡಿದಿಡುವ ಬುಷ್ಷನ್ನು ಬೇಕೆಂದೇ ಮೆದು ಲೋಹದಲ್ಲಿ ಮಾಡುತ್ತಾರೆ. ಅಮೆರಿಕದ ಐಸಾಕ್ ಬ್ಯಾಬಿಟ್ 1839ರಲ್ಲಿ ತವರ ಬೆರೆಸಿ ಮಾಡಿದ ಮಿಶ್ರಲೋಹ ಇಂದಿಗೂ ಅವನ ಹೆಸರಿನಲ್ಲೇ ಇಂಥ ಕೆಲಸಕ್ಕೆ ಬಳಕೆಯಲ್ಲಿದೆ. ಬುಷ್ ಸವೆಯಲಿ, ಶಾಫ್ಟು ಉಳಿಯಲಿ ಎಂಬುದು ಲೆಕ್ಕಾಚಾರ. ಗ್ಯಾರೇಜಿನಲ್ಲಿ ಮೆಕ್ಯಾನಿಕ್ "ಬುಷ್ ಹೋಗಿದೆ ಸಾರ್, ಹೊಸದು ಹಾಕ್ಬೇಕು" ಎಂದಾಗ ನಾವು ಬೇಸರಪಡುವುದು ಖರ್ಚಿಗೆ ಮಾತ್ರ. ಬುಷ್ ಇರುವುದೇ ಸವೆಯುವುದಕ್ಕೆ.

ಯಂತ್ರದಲ್ಲಿ ಇದು ಜಾಣತನ. ಮನುಷ್ಯರ ನಡುವೆ ಇದನ್ನೇ ನಾವು ಸದ್ದಿಲ್ಲದೆ ಮಾಡುತ್ತೇವೆ. ಅಲ್ಲಿ ಅದಕ್ಕೆ 'ಹೊಂದಾಣಿಕೆ' ಎಂಬ ಒಳ್ಳೆಯ ಹೆಸರಿದೆ. ಮದುವೆಯಾಗಿ ಬಂದ ಹುಡುಗಿಗೆ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗಮ್ಮ" ಎನ್ನುವ ಹಿರಿಯರು ಆ ಮಾತನ್ನು ಮನೆಯವರಿಗೆಲ್ಲ ಹೇಳುವುದಿಲ್ಲ. ಕಚೇರಿಯಲ್ಲಿ ಇಬ್ಬರು ಮೇಲಧಿಕಾರಿಗಳಿಗೆ ಆಗಿಬರದಿದ್ದರೆ ಸಂಜೆ ಎಂಟರವರೆಗೆ ಉಳಿಯುವವನು ಅವರ ನಡುವೆ ಕಡತ ಹೊತ್ತು ತಿರುಗುವ ಗುಮಾಸ್ತ. ಚರ್ಚೆ ಇರಲಿ, ವಾದ ಇರಲಿ ಎನ್ನುವಾಗಲೂ ಇದೇ ಪ್ರಶ್ನೆ ಏಳುತ್ತದೆ. ವಾದ ಮುಗಿದ ಮೇಲೆ ಒಬ್ಬನಿಗೆ ಹಿಂದಿರುಗಲು ಕೆಲಸ, ಮನೆ, ಹೆಸರು ಇದೆ. ಇನ್ನೊಬ್ಬನು ಆ ವಾದದಲ್ಲಿ ತನ್ನ ಹುಟ್ಟನ್ನೋ ಊಟವನ್ನೋ ಸಮರ್ಥಿಸಿಕೊಳ್ಳಬೇಕಾಗಿತ್ತು. ಇಬ್ಬರೂ ಅರ್ಧ ಗಂಟೆ ಮಾತಾಡಿದರು, ಸಮಾನ ಅವಕಾಶ ಸಿಕ್ಕಿತು ಎನ್ನುವುದು ಬಲದ ಲೆಕ್ಕ. ಸವೆತದ ಲೆಕ್ಕವನ್ನು ಯಾರೂ ಬರೆದಿಟ್ಟುಕೊಳ್ಳಲಿಲ್ಲ.

ಇಲ್ಲಿ ಆಕ್ಷೇಪಣೆಗಳು ಬರುತ್ತವೆ, ಬರಬೇಕು. ಮೊದಲನೆಯದು: ಮೆದುವಾದದ್ದೂ ಗಟ್ಟಿಯಾದದ್ದನ್ನು ಸವೆಸುತ್ತದಲ್ಲ? ಹಳೆಯ ಬಾವಿಗಳ ಕಟ್ಟೆಕಲ್ಲಿನ ಮೇಲೆ ಹಗ್ಗ ಎಳೆದೆಳೆದು ಬಿದ್ದ ಗಾಡಿಯನ್ನು ತೋರಿಸಿ ಮೇಷ್ಟ್ರುಗಳು ಮಕ್ಕಳಿಗೆ ತಾಳ್ಮೆಯ ಪಾಠ ಹೇಳುತ್ತಿದ್ದರು. ಸತತ ಪ್ರಯತ್ನದಿಂದ ಹಗ್ಗವೂ ಕಲ್ಲನ್ನು ಕೊರೆಯುತ್ತದೆ ಎಂದು. ನಿಜ. ಆದರೆ ಆ ಒಂದು ಗುರುತು ಬೀಳುವ ಹೊತ್ತಿಗೆ ಎಷ್ಟು ಹಗ್ಗಗಳು ಹರಿದು ಹೋದವು ಎಂದು ನಾವು ಕೇಳಲಿಲ್ಲ. ಕಲ್ಲು ಅಲ್ಲೇ ಇದೆ, ಗುರುತನ್ನು ಒಡವೆಯಂತೆ ಹೊತ್ತುಕೊಂಡಿದೆ. ಹಗ್ಗಗಳು ಒಲೆಗೋ ತಿಪ್ಪೆಗೋ ಹೋದವು. ಹೋರಾಟಗಳ ಚರಿತ್ರೆಯಲ್ಲೂ ಬದಲಾದ ಕಾನೂನು ನಮಗೆ ಕಾಣಿಸುತ್ತದೆ, ಅದನ್ನು ಬದಲಿಸುತ್ತ ಸವೆದುಹೋದವರ ಹೆಸರುಗಳು ಬಹುಪಾಲು ಕಾಣಿಸುವುದಿಲ್ಲ. ಇದರಿಂದ ಹೋರಾಟ ಬೇಡವೆಂದು ಆಗುವುದಿಲ್ಲ. ಪಾಠ ಹೇಳುವವರು ಹಗ್ಗಗಳನ್ನೂ ಎಣಿಸಬೇಕು ಎಂದಷ್ಟೇ.

ಎರಡನೆಯದು ಗಂಧದ ಕೊರಡು. ಸಾಣೆಕಲ್ಲಿನ ಮೇಲೆ ತೇಯ್ದರೇ ಪರಿಮಳ, ತೇಯುವುದರಲ್ಲೇ ಬದುಕಿನ ಸಾರ್ಥಕ್ಯ ಎಂಬ ಹೋಲಿಕೆ ನಮ್ಮಲ್ಲಿ ಬಹಳ ಹಳೆಯದು. ತಾಯಂದಿರ ಬಗ್ಗೆ, ಶಾಲಾ ಶಿಕ್ಷಕರ ಬಗ್ಗೆ, ದಾದಿಯರ ಬಗ್ಗೆ ಬೀಳ್ಕೊಡುಗೆ ಸಭೆಗಳಲ್ಲಿ ಇದನ್ನು ತಪ್ಪದೆ ಹೇಳುತ್ತಾರೆ. ತನ್ನನ್ನು ತಾನೇ ಒಂದು ಕೆಲಸಕ್ಕೆ ತೇಯ್ದುಕೊಳ್ಳುವವರ ಹಿರಿಮೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೊರಡು ತಾನಾಗಿ ಹೋಗಿ ಕಲ್ಲಿಗೆ ಮೈಯೊಡ್ಡುವುದಿಲ್ಲ, ತೇಯುವ ಕೈ ಬೇರೆಯವರದು, ಗಂಧ ಹಚ್ಚಿಕೊಳ್ಳುವ ಹಣೆಯೂ ಬೇರೆಯವರದು. "ನಾನು ತೇಯ್ದುಹೋದೆ, ಅದರಲ್ಲಿ ನನಗೆ ತೃಪ್ತಿ ಇದೆ" ಎಂದು ಒಬ್ಬಳು ತನ್ನ ಬಗ್ಗೆ ಹೇಳಿಕೊಂಡರೆ ಅದು ಘನವಾದ ಮಾತು. ಅದೇ ಮಾತನ್ನು ಅವಳ ಪರವಾಗಿ ಪರಿಮಳ ಪಡೆದವರು ಹೇಳಿದಾಗ ಸ್ವಲ್ಪ ಅನುಮಾನದಿಂದ ಕೇಳಬೇಕು.

ಮೂರನೆಯದು ಇವೆಲ್ಲಕ್ಕಿಂತ ಮುಖ್ಯ. ಮನುಷ್ಯರು ಲೋಹವಲ್ಲ, ಜೀವವಿರುವ ಚರ್ಮ ತಿಕ್ಕಿದಷ್ಟೂ ದಪ್ಪವಾಗುತ್ತದೆ. ರೈತನ ಅಂಗೈ, ವೀಣೆ ನುಡಿಸುವವರ ಬೆರಳ ತುದಿ ಜಡ್ಡುಗಟ್ಟುತ್ತವೆ. ಮೊದಮೊದಲು ನೋಯಿಸಿದ್ದು ಆಮೇಲೆ ನೋಯಿಸುವುದಿಲ್ಲ. ಕಷ್ಟಗಳು ಮನುಷ್ಯನನ್ನು ಗಟ್ಟಿ ಮಾಡುತ್ತವೆ ಎನ್ನುವುದು ಹೀಗೆಯೇ. ಇದರಲ್ಲಿ ಸತ್ಯವಿದೆ. ಆದರೆ ಜಡ್ಡು ಬೀಳುವುದಕ್ಕೆ ಹದವಾದ ತಿಕ್ಕಾಟ ಬೇಕು, ನಡುವೆ ಬಿಡುವು ಬೇಕು. ಬಿಡುವಿಲ್ಲದೆ ತಿಕ್ಕಿದರೆ ಬೊಬ್ಬೆ ಬರುತ್ತದೆ, ಚರ್ಮ ಸುಲಿಯುತ್ತದೆ, ಗೆರೆ ಅಳಿಯುತ್ತದೆ. ಇನ್ನೊಂದು ಮಾತನ್ನೂ ಭಾಷೆ ಸೇರಿಸುತ್ತದೆ. ಮನಸ್ಸು 'ಜಡ್ಡುಗಟ್ಟಿದೆ' ಎಂದರೆ ಅದು ಹೊಗಳಿಕೆಯಲ್ಲ. ನೋವು ತಾಗದ ಜಾಗದಲ್ಲಿ ಸ್ಪರ್ಶವೂ ಮಂಕಾಗಿರುತ್ತದೆ.

ಹಾಗಾದರೆ ಏನು ಮಾಡಬೇಕು? ಘರ್ಷಣೆಯನ್ನೇ ಇಲ್ಲವಾಗಿಸಲಾಗದು, ಇಲ್ಲವಾಗಿಸಲೂ ಬಾರದು. ಎತ್ತಿನ ಗಾಡಿಯ ಕಾಲದಿಂದಲೂ ನಮಗೆ ಗೊತ್ತಿರುವ ಉಪಾಯ ಕೀಲೆಣ್ಣೆ. 1883ರಲ್ಲಿ ಇಂಗ್ಲೆಂಡಿನ ಬೋಶಾಂಪ್ ಟವರ್ ರೈಲಿನ ಅಚ್ಚುಗಳ ಮೇಲೆ ಪ್ರಯೋಗ ಮಾಡುತ್ತಿದ್ದಾಗ ಬೇರಿಂಗಿನ ಮೇಲ್ಭಾಗದ ತೂತಿನಿಂದ ಎಣ್ಣೆ ಉಕ್ಕಿ ಬಂತು. ಬಿರಡೆ ಜಡಿದರೆ ಬಿರಡೆಯನ್ನೇ ತಳ್ಳಿ ಹೊರಗೆ ಬಂತು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಎಳೆದುಕೊಂಡು ಅದರ ಒತ್ತಡದ ಮೇಲೆ ತೇಲುತ್ತಿತ್ತು, ಲೋಹ ಲೋಹಕ್ಕೆ ತಾಗುತ್ತಲೇ ಇರಲಿಲ್ಲ. ನಮ್ಮ ಸೌಜನ್ಯಗಳು ಇಂಥ ಎಣ್ಣೆಯ ಪದರಗಳು. ಊಟ ಆಯ್ತಾ ಎಂದು ಕೇಳುವುದು, ಬಹುವಚನದಲ್ಲಿ ಮಾತಾಡಿಸುವುದು, ಕೆಲಸದವರಿಗೂ ಕುರ್ಚಿ ತೋರಿಸುವುದು. ಇವನ್ನು ಆಷಾಢಭೂತಿತನ ಎಂದು ಹೀಗಳೆಯುವ ವಯಸ್ಸೊಂದು ಎಲ್ಲರಿಗೂ ಬರುತ್ತದೆ, ನನಗೂ ಬಂದಿತ್ತು. ಆದರೆ ಆ ಪದರ ನಿಂತಿರುವುದು ಚಲನೆಯಲ್ಲಿ. ಅಚ್ಚು ನಿಂತಾಗ ಎಣ್ಣೆ ಹಿಂಡಿಹೋಗಿ ಲೋಹ ಲೋಹದ ಮೇಲೆ ಕೂರುತ್ತದೆ, ಮತ್ತೆ ಹೊರಡುವ ಗಳಿಗೆಯಲ್ಲೇ ಹೆಚ್ಚು ಸವೆತ. ಮರದ ಹಲಗೆಗಳು ಒಂದರ ಮೇಲೊಂದು ಹೆಚ್ಚು ಹೊತ್ತು ಸುಮ್ಮನೆ ಕೂತಷ್ಟೂ ಅವನ್ನು ಮತ್ತೆ ಕದಲಿಸಲು ಹೆಚ್ಚು ಬಲ ಬೇಕೆಂದು ಕೂಲಂಬ್ ಕೂಡ ಗಮನಿಸಿದ್ದ. ಮಾತು ಬಿಟ್ಟ ಅಣ್ಣತಮ್ಮಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲ ವಾರ ಒಂದು ಫೋನಿನಲ್ಲಿ ಮುಗಿಯಬಹುದಾಗಿದ್ದದ್ದು ಹತ್ತು ವರ್ಷದ ಮೇಲೆ ಊರವರನ್ನೆಲ್ಲ ಕೂರಿಸಿದರೂ ಕದಲುವುದಿಲ್ಲ.

ಎಣ್ಣೆಯೂ ಪೂರ್ತಿ ಉತ್ತರವಲ್ಲ. ಸಿಹಿ ಮಾತಿನಿಂದ ಪಾತ್ರೆ ತಿಕ್ಕಿಸಿಕೊಂಡರೂ ಬೆರಳು ಸವೆಯುತ್ತದೆ. ನನಗೆ ತೋಚುವ ನೀತಿ ಸಣ್ಣದು. ಯಾವುದೇ ತಿಕ್ಕಾಟವನ್ನು ಹೊಗಳುವ ಮೊದಲು, ಅಥವಾ ಹೊಂದಿಕೊಂಡು ಹೋಗಿ ಎಂದು ಯಾರಿಗಾದರೂ ಹೇಳುವ ಮೊದಲು, ಸವೆತ ಯಾವ ಕಡೆ ಬೀಳುತ್ತಿದೆ ಎಂದು ನೋಡಬೇಕು. ನನ್ನ ಕಡೆ ಬೀಳುತ್ತಿಲ್ಲವಾದರೆ ಅದಕ್ಕೆ ನನ್ನ ಸಹನೆಯೇ ಕಾರಣ ಎಂದುಕೊಳ್ಳಬಾರದು, ನಾನು ಗಡಸು ಮೇಲ್ಮೈ ಆಗಿರಬಹುದು. ಇನ್ನೊಂದು, ಚರ್ಮಕ್ಕೆ ಲೋಹಕ್ಕಿಲ್ಲದ ಒಂದು ಗುಣವಿದೆ. ಮೇಲೆ ಮೇಲೆ ಸವೆದ ಬೆರಳಿಗೆ ಬಿಡುವು ಸಿಕ್ಕರೆ ಅಳಿದ ಗೆರೆಗಳು ಅದೇ ವಿನ್ಯಾಸದಲ್ಲಿ ಮತ್ತೆ ಮೂಡುತ್ತವೆ, ಏಕೆಂದರೆ ಅವುಗಳ ಅಚ್ಚು ಒಳಪದರದಲ್ಲಿರುತ್ತದೆ. ವಯಸ್ಸಾದಂತೆ ಅದು ನಿಧಾನವಾಗುತ್ತದೆ. ಆದ್ದರಿಂದ ಸವೆದವರಿಗೆ ನಾವು ಕೊಡಬೇಕಾದದ್ದರಲ್ಲಿ ಹೊಗಳಿಕೆಗಿಂತ ಮೊದಲು ಬರುವುದು ಬಿಡುವು. ವಾರಕ್ಕೊಂದು ರಜೆ, ಕಾಯಿಲೆಗೆ ಸಂಬಳ ಕಡಿಯದ ದಿನ, ವಾದದಲ್ಲಿ ಸುಮ್ಮನಿರುವ ಹಕ್ಕು, ಮನೆಯೊಳಗೆ ಯಾರಿಗೂ ಹೊಂದಿಕೊಳ್ಳಬೇಕಿಲ್ಲದ ಒಂದು ಮೂಲೆ.

ನಮ್ಮ ಮನೆಗೂ ಪಾತ್ರೆ ತಿಕ್ಕಲು ಒಬ್ಬರು ಬರುತ್ತಾರೆ. ಅವರ ಬೆರಳುಗಳನ್ನು ನಾನು ಅದುವರೆಗೆ ಒಮ್ಮೆಯೂ ನೋಡಿರಲಿಲ್ಲ. ನಮ್ಮ ಪಾತ್ರೆಗಳು ಹೊಳೆಯುತ್ತವೆ ಎಂದು ಮಾತ್ರ ಗೊತ್ತಿತ್ತು.

ಪಡಿತರ ಅಂಗಡಿಯಲ್ಲಿ ಆ ಹೆಂಗಸು ಒಂದೊಂದಾಗಿ ಬಲಗೈಯ ಐದೂ ಬೆರಳುಗಳನ್ನು ಇಟ್ಟು ನೋಡಿದರು. ಆಮೇಲೆ ಎಡಗೈ. ಕೊನೆಗೆ ಎಡಗೈ ಕಿರುಬೆರಳಿಗೆ ಯಂತ್ರ ಹಸಿರು ದೀಪ ತೋರಿಸಿತು. ಮೂವತ್ತು ವರ್ಷಗಳಲ್ಲಿ ಎಲ್ಲಕ್ಕಿಂತ ಕಡಿಮೆ ಕೆಲಸ ಮಾಡಿದ ಆ ಬೆರಳು, ಈಕೆ ಈಕೆಯೇ ಹೌದೆಂದು ಸಾಕ್ಷಿ ಹೇಳಿತು. ಹುಡುಗ ಅಕ್ಕಿ ತೂಗಿದ. ಅವರು ಚೀಲವನ್ನು ಬಲಗೈಯಲ್ಲೇ ಎತ್ತಿಕೊಂಡು ಹೋದರು.